ಔಷಧಿ ಹೊಡೆಯುವ ಮೈಗೆ ಬೇಕಾದ ಉಡುಪು

ಚಾಮರಾಜನಗರ ಜಿಲ್ಲೆಯ ಹರದನಹಳ್ಳಿಯಿಂದ ಗುಂಡ್ಲುಪೇಟೆವರೆಗಿನ ಅರಿಸಿನ, ಬಾಳೆ, ಚೆಂಡುಹೂವಿನ ಹೊಲಗಳಲ್ಲಿ ಔಷಧಿ ಹೊಡೆಯುವವರು ಹೆಚ್ಚೆಂದರೆ ಮೂಗಿಗೊಂದು ಟವೆಲ್ ಕಟ್ಟಿಕೊಳ್ಳುತ್ತಾರೆ. ವಿಷ ಉಸಿರಿನಲ್ಲೇ ಒಳಹೋಗುತ್ತದೆಂಬ ನಂಬಿಕೆ ಬಲವಾಗಿದೆ. ಆದರೆ ಬೆನ್ನಿಗೆ ಕ್ಯಾನ್ ಹೊತ್ತು ಹೊಡೆಯುವವರ ಮೈಗೆ ಔಷಧಿ ಸೇರುವ ದೊಡ್ಡ ದಾರಿ ಚರ್ಮವೇ. ಆ ಚರ್ಮವೂ ಎಲ್ಲ ಕಡೆ ಒಂದೇ ರೀತಿ ಇಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕ ಬಳಸಿ ಚರ್ಮತಜ್ಞ ಹೊವರ್ಡ್ ಮೈಬಾಕ್ ಮತ್ತು ಸಂಗಡಿಗರು ಮಾಡಿದ, 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂದೋಳಿನ ಚರ್ಮ ಹೀರಿದ್ದು ಶೇ 8.6ರಷ್ಟು; ವೃಷಣದ ಚರ್ಮ ಹೆಚ್ಚುಕಡಿಮೆ ಪೂರ್ತಿ ಹೀರಿತ್ತು. ಸೋರುವ ಕ್ಯಾನಿನ ನೀರು ಬೆನ್ನಿನಿಂದ ಸೊಂಟಕ್ಕೆ, ಅಲ್ಲಿಂದ ತೊಡೆಸಂದಿಗೆ ಇಳಿಯುವುದನ್ನು ನೆನೆದರೆ, ಮೂಗಿನ ಬಟ್ಟೆಯೊಂದನ್ನೇ ನಂಬುವುದು ಎಷ್ಟು ಅಪಾಯವೆಂದು ತಿಳಿಯುತ್ತದೆ. ಮೈ ಮುಚ್ಚುವ ಉಡುಪು ಮೊದಲು ಬೇಕು.

ನೂಲಿನ ಅಂಗಿ ಒದ್ದೆಯಾದ ಮೇಲೆ ಔಷಧಿಯನ್ನು ಮೈಗೇ ಒತ್ತಿ ಹಿಡಿಯುತ್ತದೆ. ಪ್ಲಾಸ್ಟಿಕ್ ಕೋಟು ಹನಿ ತಡೆಯುತ್ತದೆ, ಬೆವರನ್ನೂ ಒಳಗೇ ಉಳಿಸುತ್ತದೆ. ಈ ಇಕ್ಕಟ್ಟಿಗೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ 'ಕಿಸಾನ್ ಕವಚ' 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಆರ್ಗನೋಫಾಸ್ಫೇಟಿನಂಥ ಕೀಟನಾಶಕ ತಗುಲಿದರೆ ಅದನ್ನು ಒಡೆದು ನಿಷ್ಕ್ರಿಯಗೊಳಿಸುವ ಬಟ್ಟೆ ಅದು. ಒಗೆದು ಮತ್ತೆ ತೊಡಬಹುದು. ಯಾವ ಉಡುಪಾದರೂ ಅಳತೆಗಿಂತ ತುಸು ಸಡಿಲವಿರಲಿ. ತೊಟ್ಟು ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಮೇಲೆತ್ತಿ ನೋಡಬೇಕು. ಹೊಲಿಗೆ ಬಿಗಿದರೆ ಬೇಡ. ಪ್ಯಾಂಟು ಬೂಟಿನ ಹೊರಗೇ ಇರಬೇಕು. ಚೆಂಡುಹೂವಿನಂಥ ಗಿಡ್ಡ ಬೆಳೆಗೆ ಹೊಡೆಯುವಾಗ ಅಂಗಿಯ ತೋಳು ಕೈಗವಸಿನ ಮೇಲೆ ಬರಲಿ. ಬಾಳೆಗೊನೆಗೆ ಕೈಯೆತ್ತಿ ಹೊಡೆಯುವಾಗ ಕೈಗವಸೇ ತೋಳಿನ ಮೇಲಿರಬೇಕು, ಇಲ್ಲದಿದ್ದರೆ ಹನಿ ಒಳಕ್ಕೆ ಹರಿಯುತ್ತದೆ. ಬಾಟಲಿಯ ಗಟ್ಟಿ ಔಷಧಿ ಅಳೆದು ಬೆರೆಸುವ ಹೊತ್ತೇ ಅತಿ ಅಪಾಯದ್ದು. ಎಣ್ಣೆಯಂಥ ದ್ರಾವಕವಿರುವ ಔಷಧಿಗೆ ತೆಳು ಲೇಟೆಕ್ಸ್ ಕೈಗವಸು ಸಾಲದು, ನೈಟ್ರೈಲ್ ಬೇಕು.

ಬಿಡುಗಡೆಯಾದಾಗ ಕವಚದ ಬೆಲೆ ಸುಮಾರು 4,000 ರೂಪಾಯಿ ಇತ್ತು, ಅಷ್ಟು ಹಣ ಕೂಲಿಯವರಿಗೆ ಎಲ್ಲಿಂದ ಎಂಬ ಮಾತು ನ್ಯಾಯವೇ. ಅದಕ್ಕೇ ಆ ಖರ್ಚು ಕೂಲಿಯವರ ಮೇಲೆ ಬೀಳಬಾರದು. ಔಷಧಿ ಕೆಲಸದವರಿಗೆ ರಕ್ಷಣಾ ಉಡುಪು ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಸಹಕಾರ ಸಂಘವೊಂದು ನಾಲ್ಕಾರು ಜೊತೆ ಇಟ್ಟು ಬಾಡಿಗೆಗೆ ಕೊಡಬಹುದು. ಸೆಕೆ ತಡೆಯಲಾಗದು ಎನ್ನುವವರು ಬೆಳಿಗ್ಗೆ ಬೇಗ ಹೊಡೆಯಲಿ. ನಡುಮಧ್ಯಾಹ್ನ ಹೊಡೆದರೆ ಔಷಧಿಯೂ ಬೇಗ ಆರಿಹೋಗುತ್ತದೆ. ರಾಸಾಯನಿಕವನ್ನೇ ಬಿಡಿ ಎಂಬ ಸಲಹೆ ಒಳ್ಳೆಯದು, ಆದರೆ ನಾಳೆ ಬೆಳಿಗ್ಗೆ ಕ್ಯಾನ್ ಹೊರುವವರ ಚರ್ಮವನ್ನು ಅದು ಕಾಯುವುದಿಲ್ಲ. ಈ ಅಪಾಯ ಬರೀ ಮಾತಲ್ಲ: ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೆದ 20ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು.

ಕೆಲಸ ಮುಗಿದ ಕೂಡಲೇ ಕೈಗವಸನ್ನು ತೊಟ್ಟಂತೆಯೇ ಸೋಪು ನೀರಲ್ಲಿ ತೊಳೆದು ಆಮೇಲೆ ಬಿಚ್ಚಬೇಕು. ಉಡುಪನ್ನು ಮನೆಯವರ ಬಟ್ಟೆಯೊಂದಿಗೆ ನೆನೆಹಾಕಬಾರದು. ಒಗೆಯುವವರ ಕೈಗೂ ಕೈಗವಸಿರಲಿ. ಬಿಸಿಲು, ಸೀಮೆಎಣ್ಣೆ ಎರಡೂ ರಬ್ಬರನ್ನು ಕೆಡಿಸುತ್ತವೆ, ಹಾಗಾಗಿ ಕೈಗವಸನ್ನು ಸೀಮೆಎಣ್ಣೆಗೆ ತಾಗಿಸದೆ ನೆರಳಲ್ಲಿ ಆರಿಸಿ. ಮತ್ತೆ ತೊಡುವ ಮೊದಲು ಅದಕ್ಕೆ ಗಾಳಿ ತುಂಬಿ, ಬಾಯಿಯನ್ನು ಸುರುಳಿ ಸುತ್ತಿ ಒತ್ತಿ ನೋಡಿ. ಗಾಳಿ ಸೋರಿದರೆ, ರಬ್ಬರು ಅಂಟಂಟಾಗಿದ್ದರೆ, ಬೇರೆಯವರು ಎತ್ತಿಕೊಂಡು ತೊಡದಂತೆ ಕತ್ತರಿಸಿಯೇ ಎಸೆಯಿರಿ.