ಹಿಮವಿಲ್ಲದ ಊರಿನಲ್ಲಿ ಹಿಮದ ಆಟಗಳು

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಕನಿಷ್ಠ ಉಷ್ಣಮಾನ 7.8 ಡಿಗ್ರಿ ಸೆಂಟಿಗ್ರೇಡ್. ಅದು 1884ನೆಯ ಇಸವಿಯ ಜನವರಿ 13ರ ಮಾತು. ನೀರು ಹೆಪ್ಪುಗಟ್ಟಬೇಕಾದರೆ ಉಷ್ಣಮಾನ ಸೊನ್ನೆಗೆ ಇಳಿಯಬೇಕು. ಆದುದರಿಂದ ರಾಜಾಜಿನಗರದ ಶಾಲೆಯ ಅಂಗಳದಲ್ಲಾಗಲಿ, ಕೆಂಗೇರಿಯ ಕೆರೆಯ ಮೇಲಾಗಲಿ ಹಿಮ ಹಾಸುವ ದಿನವನ್ನು ಕಾದು ಕುಳಿತರೆ ಫಲವಿಲ್ಲ. ಆದರೂ ಚಳಿಗಾಲದ ಒಲಿಂಪಿಕ್ ಕೂಟ ನಡೆದಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ಅದನ್ನು ಬೆರಗಿನಿಂದ ನೋಡುತ್ತಾರೆ. ಇಂಥ ಆಟಗಳನ್ನು ನಮ್ಮ ಶಾಲೆಯಲ್ಲಿ ಆಡಲಾಗದೆ ಎಂದು ಕೇಳುತ್ತಾರೆ. ಆಡಬಹುದೆಂದೇ ನಮ್ಮ ಉತ್ತರ. ಹಿಮವನ್ನು ತರಲಾಗದಿದ್ದರೂ ಹಿಮವು ಆಟಗಾರನಿಗೆ ಒದಗಿಸುವ ಮುಖ್ಯ ಗುಣವನ್ನು ತರಬಹುದು. ಘರ್ಷಣೆಯನ್ನು ತಗ್ಗಿಸುವುದೇ ಆ ಗುಣ.

ಮಂಜುಗಡ್ಡೆ ಜಾರುವುದೇಕೆ? ಸುಲಭವೆಂದು ತೋರುವ ಈ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. ಒತ್ತಡ ಹೆಚ್ಚಿದರೆ ಮಂಜುಗಡ್ಡೆ ಸೊನ್ನೆಗಿಂತ ಕೆಳಗಿನ ಉಷ್ಣಮಾನದಲ್ಲಿಯೇ ಕರಗುತ್ತದೆ; ಸ್ಕೇಟಿನ ಅಲಗು ಅದನ್ನು ಒತ್ತಿ ಕರಗಿಸುತ್ತದೆ; ಹಾಗೆ ಉಂಟಾದ ನೀರಿನ ಮೇಲೆ ಆಟಗಾರ ಜಾರುತ್ತಾನೆ ಎಂದು ಅನೇಕ ಪಠ್ಯಪುಸ್ತಕಗಳು ಹೇಳಿಕೊಂಡು ಬಂದಿವೆ. ಲೆಕ್ಕ ಹಾಕಿ ನೋಡೋಣ. ಒತ್ತಡವು ಒಂದು ವಾತಾವರಣದಷ್ಟು ಹೆಚ್ಚಿದರೆ ಕರಗುವ ಬಿಂದು ಇಳಿಯುವುದು ಡಿಗ್ರಿಯ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. 60 ಕಿಲೋಗ್ರಾಂ ತೂಕದ ವ್ಯಕ್ತಿಯ ಭಾರವೆಲ್ಲ ಅಲಗಿನ ಒಂದು ಚದರ ಸೆಂಟಿಮೀಟರಿನ ಮೇಲೆ ಬಿದ್ದರೂ ಒತ್ತಡ ಸುಮಾರು 60 ವಾತಾವರಣದಷ್ಟು. ಇದರಿಂದ ಕರಗುವ ಬಿಂದು ಅರ್ಧ ಡಿಗ್ರಿಯಷ್ಟೂ ಇಳಿಯದು. ಕುಣಿತದ ಸ್ಕೇಟಿಂಗಿಗೆ ಬಳಸುವ ಮಂಜುಗಡ್ಡೆಯ ಉಷ್ಣಮಾನವಾದರೋ ಸೊನ್ನೆಯ ಕೆಳಗೆ ಮೂರು ನಾಲ್ಕು ಡಿಗ್ರಿ! ಅಷ್ಟೇ ಅಲ್ಲ, ಚಪ್ಪಟೆ ತಳದ ಬೂಟು ತೊಟ್ಟ ಹುಡುಗನೂ ಅದರ ಮೇಲೆ ಜಾರಿ ಬೀಳುತ್ತಾನೆ.

ಸರಿಯಾದ ಸುಳಿವನ್ನು ಕೊಟ್ಟವನು ಮೈಕೇಲ್ ಫ್ಯಾರಡೆ. ಮಂಜುಗಡ್ಡೆಯ ಮೈಮೇಲೆ ಸದಾ ತೆಳುವಾದ ದ್ರವದ ಪೊರೆ ಇರುತ್ತದೆಂದು 1850ರಲ್ಲಿಯೇ ಅವನು ಸೂಚಿಸಿದ್ದನು. ಕಬ್ಬಿನ ಹಾಲಿನ ಅಂಗಡಿಯಿಂದ ಎರಡು ತುಂಡು ಐಸನ್ನು ತಂದು ಒಂದಕ್ಕೊಂದು ಒತ್ತಿ ಹಿಡಿಯಿರಿ. ಅವು ಬೆಸೆದುಕೊಳ್ಳುವುದನ್ನು ಕಾಣುವಿರಿ. ಎರಡು ಮೈಗಳ ನಡುವೆ ಸಿಕ್ಕಿದ ಪೊರೆಯು ಘನವಾಗಿ ಬಿಡುತ್ತದೆಂಬುದೇ ಫ್ಯಾರಡೆಯ ವಿವರಣೆ. ಮೇಲ್ಮೈಯ ಅಣುಗಳಿಗೆ ಮೇಲ್ಗಡೆ ನೆರೆಯವರಿಲ್ಲ. ಆದ್ದರಿಂದ ಅವುಗಳ ಹಿಡಿತ ಸಡಿಲ. ಇದರ ಜೊತೆಗೆ ಜಾರುವಾಗಿನ ಉಜ್ಜಾಟದಿಂದಲೇ ಹುಟ್ಟುವ ಶಾಖವೂ ಪೊರೆಯನ್ನು ಬೆಳೆಸುತ್ತದೆ. ಈ ಶಾಖದ ಪಾತ್ರವನ್ನು ಬೌಡನ್ ಮತ್ತು ಹ್ಯೂಸ್ ಎಂಬವರು 1939ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಎರಡರಲ್ಲಿ ಯಾವುದರ ಪಾಲು ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ನಮ್ಮ ಶಾಲೆಗೆ ಬರೋಣ. ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಸರಿಸಾಟಿಯಾದ ವಾಹನವೊಂದು ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಕಾಸರಗೋಡಿನ ತೋಟಗಳಲ್ಲಿಯೂ ತಲೆಮಾರುಗಳಿಂದ ಇದೆ. ಅದೇ ಅಡಕೆಯ ಹಾಳೆ. ಮರದಿಂದ ಉದುರಿದ ಹಾಳೆಯ ಮೇಲೆ ಒಂದು ಮಗು ಕುಳಿತುಕೊಳ್ಳುತ್ತದೆ. ಇನ್ನೊಂದು ಮಗು ಸೋಗೆಯ ತುದಿಯನ್ನು ಹಿಡಿದು ಎಳೆಯುತ್ತದೆ. ಹಾಳೆಯ ಮೈ ನುಣುಪು, ಅಂಚು ಮಗುಚಿಕೊಂಡಿರುವುದರಿಂದ ಕುಳಿತವರಿಗೆ ಒಳ್ಳೆಯ ಆಸರೆ. ವಿಜಯನಗರದಲ್ಲಿ ಅಡಕೆಯ ತೋಟವಿಲ್ಲ, ನಿಜ. ಆದರೆ ತುಮಕೂರು, ಶಿವಮೊಗ್ಗ, ಪುತ್ತೂರುಗಳ ಕಡೆ ನಂಟರಿರುವ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ರಜೆ ಮುಗಿಸಿ ಬರುವಾಗ ನಾಲ್ಕು ಹಾಳೆ ತರುವುದು ದೊಡ್ಡ ಮಾತಲ್ಲ. ದುಬಾರಿ ಸಾಮಗ್ರಿಗಳನ್ನು ಕೊಳ್ಳಲಾರದ ಶಾಲೆಗೆ ಇದಕ್ಕಿಂತ ಒಳ್ಳೆಯ ಆಟ ಸಿಗದೆಂದು ನಮ್ಮ ಭಾವನೆ.

ಎಳೆಯುವ ಹಗ್ಗಕ್ಕೂ ಹಾಳೆಗೂ ನಡುವೆ ಸ್ಪ್ರಿಂಗ್ ತಕ್ಕಡಿಯೊಂದನ್ನು ಸಿಕ್ಕಿಸಿದರೆ ಆಟವೇ ಪ್ರಯೋಗವಾಗುತ್ತದೆ. ಹಳೆಯ ಪತ್ರಿಕೆ ಕೊಳ್ಳುವವರು ತೂಗಲು ಬಳಸುವ ತಕ್ಕಡಿ ಸಾಕು. ಮೊದಲು ಮುಳ್ಳು ಮೇಲಕ್ಕೇರಿ, ಹಾಳೆ ಹೊರಟೊಡನೆ ತುಸು ಇಳಿಯುತ್ತದೆ: ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಚಲಿಸುವ ವಸ್ತುವನ್ನು ಚಲಿಸುತ್ತಲೇ ಇಡಲು ಬೇಕಾದ ಬಲಕ್ಕಿಂತ ಹೆಚ್ಚು. ಎಳೆಯುವ ಬಲವನ್ನು ಮಗುವಿನ ತೂಕದಿಂದ ಭಾಗಿಸಿದರೆ ಘರ್ಷಣಾಂಕ ದೊರೆಯುತ್ತದೆ. ಉಕ್ಕಿನ ಅಲಗಿಗೂ ಮಂಜುಗಡ್ಡೆಗೂ ನಡುವೆ ಇದು ಸುಮಾರು 0.01; ಎಂದರೆ 40 ಕಿಲೋಗ್ರಾಂ ತೂಕದ ಹುಡುಗಿಯನ್ನು ಸರಿಸಲು 400 ಗ್ರಾಂ ತೂಕದಷ್ಟು ಬಲ ಸಾಕು. ನಿಮ್ಮ ಶಾಲೆಯ ಸಿಮೆಂಟು, ಮಣ್ಣು, ಒಣ ಹುಲ್ಲು, ಇಬ್ಬನಿಯಿಂದ ತೊಯ್ದ ಹುಲ್ಲು ಇವುಗಳ ಅಂಕವೆಷ್ಟು? ಅಳೆದು ಕೋಷ್ಟಕ ಮಾಡಿ. ಆದರೆ ಅಂಗಳ ಸಮತಟ್ಟಾಗಿರಲಿ. ವೃಷಭಾವತಿಯ ಕಣಿವೆಯತ್ತ ಇಳಿಯುವ ನಮ್ಮ ಬೀದಿಗಳ ಇಳಿಜಾರು ಎಷ್ಟೇ ಆಸೆ ಹುಟ್ಟಿಸಿದರೂ ಅಲ್ಲಿ ಈ ಆಟ ಕೂಡದು. ಜಾರುವ ಸುಖವನ್ನು ಕೊಡುವ ಅಲ್ಪ ಘರ್ಷಣೆಯೇ ನಿಲ್ಲುವ ಉಪಾಯವನ್ನೂ ಕಸಿದುಕೊಳ್ಳುತ್ತದೆ.

ಸ್ಕೇಟಿಂಗಿನಲ್ಲಿ ಮತ್ತೊಂದು ಸೋಜಿಗವಿದೆ. ನಡೆಯುವಾಗ ನಾವು ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ, ನೆಲ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ನೆಲವೇ ಜಾರಿದರೆ ತಳ್ಳುವುದು ಹೇಗೆ? ಆಟಗಾರನು ಅಲಗನ್ನು ಓರೆಯಾಗಿ ತಿರುಗಿಸಿ ಪಕ್ಕಕ್ಕೆ ತಳ್ಳುತ್ತಾನೆ. ಅಲಗು ತನ್ನ ಉದ್ದಕ್ಕೆ ಜಾರೀತು, ಅಡ್ಡಕ್ಕೆ ಜಾರದು. ಗಾಲಿಯ ಸ್ಕೇಟೂ ಹಾಗೆಯೇ: ಗಾಲಿ ಮುಂದಕ್ಕೆ ಉರುಳುತ್ತದೆ, ಅಡ್ಡಲಾಗಿ ಉರುಳದು. ಆದ್ದರಿಂದಲೇ ಗಾಲಿಯ ಮೇಲೆ ಕಲಿತದ್ದು ಹಿಮದ ಮೇಲೂ ಉಪಯೋಗಕ್ಕೆ ಬರುತ್ತದೆ. ಭಾರತ ಚಳಿಗಾಲದ ಒಲಿಂಪಿಕ್ಸಿನಲ್ಲಿ ಮೊದಲು ಭಾಗವಹಿಸಿದ್ದು 1964ರಲ್ಲಿ, ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ. 1998ರಿಂದ 2018ರವರೆಗೆ ಆರು ಒಲಿಂಪಿಕ್ ಕೂಟಗಳಲ್ಲಿ ಜಾರುಬಂಡಿಯ ಸ್ಪರ್ಧೆಗಿಳಿದ ಶಿವ ಕೇಶವನ್, ತಮ್ಮ ಬಂಡಿಗೆ ಗಾಲಿ ಜೋಡಿಸಿ ಹಿಮಾಲಯದ ರಸ್ತೆಗಳಲ್ಲಿ ಅಭ್ಯಾಸ ಮಾಡಿದರು. ದೂರದ ಸ್ಕೀ ಓಟದವರೂ ಬೇಸಗೆಯಲ್ಲಿ ಗಾಲಿಯ ಸ್ಕೀಗಳನ್ನೇ ಬಳಸುತ್ತಾರೆ. ಈ ಓಟದಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ತೆಕ್ಕಡ ಭವಾನಿ ನಮ್ಮ ಕೊಡಗಿನವರು. ಅಲ್ಲಿ ಮಳೆ ಧಾರಾಳ, ಹಿಮ ಮಾತ್ರ ಇಲ್ಲ.

ಕರ್ಲಿಂಗ್ ಆಟವನ್ನು ಕೇರಂ ಬಲ್ಲವರಿಗೆ ವಿವರಿಸುವುದು ಸುಲಭ. ಹಲಗೆಯ ಮೇಲೆ ನಾವು ಬೋರಿಕ್ ಪುಡಿ ಎರಚುವುದು ಘರ್ಷಣೆಯನ್ನು ತಗ್ಗಿಸಲೆಂದೇ ಅಲ್ಲವೆ? ಕರ್ಲಿಂಗಿನಲ್ಲಿ ಸುಮಾರು 20 ಕಿಲೋಗ್ರಾಂ ತೂಕದ ಗ್ರಾನೈಟ್ ಗುಂಡನ್ನು ಮಂಜುಗಡ್ಡೆಯ ಮೇಲೆ ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸಬೇಕು. ಶಾಲೆಯಲ್ಲಿ ಸಾಣೆ ಹಿಡಿದ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದು, ತಳಕ್ಕೆ ಬಟ್ಟೆ ಅಂಟಿಸಿದ ಮರದ ಬಿಲ್ಲೆಗಳನ್ನು ಜಾರಿಸಬಹುದು. ನಿಜವಾದ ಆಟದಲ್ಲಿ ಗುಂಡಿನ ಮುಂದೆ ಪೊರಕೆಯಿಂದ ಉಜ್ಜುತ್ತಾರೆ. ಉಜ್ಜಿದೆಡೆ ಮಂಜುಗಡ್ಡೆ ತುಸು ಬೆಚ್ಚಗಾಗಿ ಗುಂಡು ಇನ್ನಷ್ಟು ದೂರ ಹೋಗುತ್ತದೆ. ನಮ್ಮ ನೆಲದಲ್ಲಿ ಪೊರಕೆಯಿಂದ ಧೂಳು ಹೋದೀತೇ ಹೊರತು ಬೇರೆ ಲಾಭವಿಲ್ಲ. ಶಿಕ್ಷಕರು ಇದನ್ನು ಮಕ್ಕಳಿಗೆ ಮರೆಮಾಚದೆ ಹೇಳಬೇಕು.

ಅಂಗಳ ತೀರ ಚಿಕ್ಕದಾದ ಶಾಲೆಗೆ ಬಯತ್ಲಾನ್ ಹೊಂದುತ್ತದೆ. ಸ್ಕೀ ಮೇಲೆ ಓಡಿ ಬಂದ ಆಟಗಾರನು ಏದುಸಿರಿನಲ್ಲಿಯೇ ಐದು ಗುರಿಗಳಿಗೆ ಗುಂಡು ಹೊಡೆಯುವ ಸ್ಪರ್ಧೆ ಇದು. ನಮ್ಮಲ್ಲಿ ಕಟ್ಟಡದ ಸುತ್ತ ಎರಡು ಸುತ್ತು ಓಡಿ, ಐದು ಡಬ್ಬಿಗಳಿಗೆ ಚೆಂಡೆಸೆದರಾಯಿತು. ತಪ್ಪಿದ ಪ್ರತಿಯೊಂದು ಗುರಿಗೂ ಒಂದು ಚಿಕ್ಕ ದಂಡದ ಸುತ್ತು. ಓಡುವ ಮೊದಲು ಒಮ್ಮೆ, ಎಸೆಯುವ ಮೊದಲು ಒಮ್ಮೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವೇಗವಾಗಿ ಓಡಿದವನೇ ಗೆಲ್ಲುವನೆಂದು ತರಗತಿ ಮೊದಲು ಎಣಿಸುತ್ತದೆ. ಕೊನೆಯ ಇಪ್ಪತ್ತು ಹೆಜ್ಜೆಗಳಲ್ಲಿ ವೇಗ ತಗ್ಗಿಸಿ, ಉಸಿರನ್ನು ಹತೋಟಿಗೆ ತಂದುಕೊಂಡವನಿಗೆ ದಂಡದ ಸುತ್ತು ಉಳಿಯುವುದನ್ನು ನಾಡಿಯ ಲೆಕ್ಕದ ಪಕ್ಕದಲ್ಲಿಯೇ ಬರೆದಿಡಿ.

ಇವನ್ನೆಲ್ಲ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಅವಧಿಗಳಲ್ಲಿ ಇಟ್ಟುಕೊಳ್ಳುವುದು ಮೇಲು. ಮಾರ್ಚಿ ಬಂದಿತೆಂದರೆ ಹತ್ತು ಗಂಟೆಯ ಹೊತ್ತಿಗೇ ಸಿಮೆಂಟು ಕಾಯುತ್ತದೆ. ಅಲ್ಲದೆ ಪರೀಕ್ಷೆಯ ನೆವದಲ್ಲಿ ಆಟದ ಅವಧಿಯನ್ನು ಗಣಿತದವರು ಕೇಳಿ ಪಡೆಯುವ ಕಾಲವೂ ಅದೇ.