ಗುಳಿಗೆಯ ಲೆಕ್ಕಕ್ಕೆ ಗಂಜಿ ಸಾಕ್ಷಿ

ನಿಮಗಿದು ಗೊತ್ತೆ? ವಿಟಮಿನ್ ಸಿ ಮಾತ್ರೆಯ ಪಟ್ಟಿಯ ಮೇಲೆ 500 ಮಿಲಿಗ್ರಾಂ ಎಂದು ಅಚ್ಚಾಗಿರುತ್ತದಲ್ಲ, ಅಷ್ಟು ನಿಜಕ್ಕೂ ಇದೆಯೇ ಎಂದು ಹೇಳಬಲ್ಲದ್ದು ಗಂಜಿ! 20 ಮಾತ್ರೆಗಳನ್ನು ತೂಗಿ, ನುಣ್ಣಗೆ ಅರೆದು, ಒಂದು ಪಾಲು ಪುಡಿಯನ್ನು ಆಮ್ಲ ಬೆರೆತ ನೀರಿನಲ್ಲಿ ಕದಡುತ್ತಾರೆ. ಅದಕ್ಕೆ ಚೂರು ಗಂಜಿ ಸೇರಿಸಿ, ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಅಯೋಡಿನ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತಾರೆ. ವಿಟಮಿನ್ ಉಳಿದಿರುವವರೆಗೂ ಅಯೋಡಿನ್ ಅದರೊಡನೆ ವರ್ತಿಸಿ ಬಣ್ಣ ಕಳೆದುಕೊಳ್ಳುತ್ತದೆ. ವಿಟಮಿನ್ ತೀರಿತೋ, ಮುಂದಿನ ತೊಟ್ಟಿಗೇ ಗಂಜಿ ಕಡುನೀಲಿ! ಅಯೋಡಿನ್ನಿನೊಡನೆ ವರ್ತಿಸುವ ಬೇರೆ ಪದಾರ್ಥ ಮಾತ್ರೆಯಲ್ಲಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. 0.05 ಮೋಲಾರ್ ಅಯೋಡಿನ್ ದ್ರಾವಣದ ಒಂದು ಮಿಲಿಲೀಟರ್ 8.806 ಮಿಲಿಗ್ರಾಂ ವಿಟಮಿನ್ನಿಗೆ ಸಮ. ಒಂದು ಮಾತ್ರೆಯ ತೂಕದಷ್ಟು ಪುಡಿಯಲ್ಲಿ ಪೂರ್ತಿ 500 ಮಿಲಿಗ್ರಾಂ ಇದ್ದರೆ ಖರ್ಚಾಗುವುದು ಸುಮಾರು 57 ಮಿಲಿಲೀಟರ್.