ಮೀನಿನ ಕಾರ್ಖಾನೆಗಳಲ್ಲಿ ಮೇಲ್ವಿಚಾರಕರಿಗೆ ನಾಯಕತ್ವದ ತರಬೇತು

ಕಡಲಿನಿಂದಲೋ ಸಾಕಣೆಯ ಕೊಳದಿಂದಲೋ ಬಂದ ಸಿಗಡಿಯು ಪರದೇಶಕ್ಕೆ ರವಾನೆಯಾಗುವುದಕ್ಕೆ ಮೊದಲು ಅನೇಕ ಕೈಗಳನ್ನು ದಾಟಬೇಕಾಗಿರುವುದು. ತಲೆ ಮುರಿಯುವುದು, ಸಿಪ್ಪೆ ಸುಲಿಯುವುದು, ಬೆನ್ನಿನ ಕಪ್ಪು ನರವನ್ನು (ವಾಸ್ತವವಾಗಿ ಅದು ಕರುಳು) ತೆಗೆಯುವುದು, ತೊಳೆಯುವುದು, ಪೌಂಡಿಗೆ ಎಷ್ಟು ಎಂಬ ಎಣಿಕೆಯ ಮೇಲೆ ದರ್ಜೆಗಳಾಗಿ ವಿಂಗಡಿಸುವುದು, ಹಿಮಗಟ್ಟಿಸುವುದು, ಪೆಟ್ಟಿಗೆಗೆ ತುಂಬುವುದು, ಇವೇ ಮೊದಲಾದ ಕೆಲಸಗಳಲ್ಲಿ ಬಹುಪಾಲು ಹೆಂಗಸರ ಕೈಯಿಂದಲೇ ನಡೆಯತಕ್ಕವು. ಯಜಮಾನರ ಸ್ಥಾನ ಕಛೇರಿಯಲ್ಲಿ. ಪರೀಕ್ಷಕರ ಸ್ಥಾನ ಪ್ರಯೋಗಶಾಲೆಯಲ್ಲಿ. ಒದ್ದೆ ನೆಲದ ಮೇಲೆ, ಚಳಿಯಲ್ಲಿ, ಕೆಲಸಗಾರರ ನಡುವೆ ದಿನವಿಡೀ ನಿಲ್ಲುವವನು ಸೂಪರ್‌ವೈಸರು. ಅವನ ಮೇಲಿನವರು ಪಾಳಿಯ ಮುಖ್ಯಸ್ಥರು ಮತ್ತು ಉತ್ಪಾದನೆಯ ವ್ಯವಸ್ಥಾಪಕರು. ಈ ನಡುಮೆಟ್ಟಿಲಿನವರನ್ನು ತಯಾರುಮಾಡುವ ವಿಷಯದಲ್ಲಿ ನಮ್ಮ ಕಾರ್ಖಾನೆಗಳು ಯಂತ್ರಗಳಿಗೆ ಕೊಟ್ಟಷ್ಟು ಗಮನವನ್ನು ಕೊಟ್ಟಿಲ್ಲವೆಂದೇ ಹೇಳಬೇಕಾಗಿದೆ.

1997ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಐರೋಪ್ಯ ಒಕ್ಕೂಟವು ಭಾರತದ ಮೀನುಪದಾರ್ಥಗಳ ಆಮದನ್ನು ನಿಷೇಧಿಸಿತು. ಸರಕಿನಲ್ಲಿ ರೋಗಕಾರಕ ಸೂಕ್ಷ್ಮಜೀವಿಗಳು ಕಂಡುಬಂದುದೂ, ಕಾರ್ಖಾನೆಗಳ ನೈರ್ಮಲ್ಯವು ಸಾಲದೆಂದು ತನಿಖೆಯಲ್ಲಿ ಗೊತ್ತಾದುದೂ ಇದಕ್ಕೆ ಕಾರಣ. ಅದೇ ವರ್ಷದ ಡಿಸೆಂಬರ್ 18ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಹ್ಯಾಸಪ್’ ಎಂಬ ಕ್ರಮವು ಮೀನಿನ ಉದ್ಯಮಕ್ಕೆ ಕಡ್ಡಾಯವಾಯಿತು. ತಯಾರಾದ ಸರಕನ್ನು ಕೊನೆಯಲ್ಲಿ ಪರೀಕ್ಷಿಸಿ ಕೆಟ್ಟದ್ದನ್ನು ತಳ್ಳಿಬಿಡುವುದಕ್ಕೆ ಬದಲಾಗಿ, ಅಪಾಯವು ಎಲ್ಲೆಲ್ಲಿ ಹುಟ್ಟಬಹುದೋ ಅಲ್ಲಲ್ಲಿಯೇ ಅದನ್ನು ತಡೆಯುವುದು, ತಡೆದುದಕ್ಕೆ ಬರಹದಲ್ಲಿ ದಾಖಲೆಯನ್ನಿಡುವುದು, ಇದೇ ಅದರ ಸಾರಾಂಶ. ನಮ್ಮ ಕಾರ್ಖಾನೆಗಳು ಹಣ ಸುರಿದು ಗೋಡೆಗಳನ್ನು ಹೊಸದಾಗಿ ಕಟ್ಟಿದುವು. ಹೊರಗಣ ಷೆಡ್ಡುಗಳಲ್ಲಿ ನಡೆಯುತ್ತಿದ್ದ ಸುಲಿತದ ಕೆಲಸವನ್ನು ಆವರಣದೊಳಕ್ಕೆ ತಂದುವು. ಆದರೆ ದಾಖಲೆಯ ಪುಸ್ತಕದಲ್ಲಿ ಉಷ್ಣಮಾನವನ್ನು ಬರೆಯತಕ್ಕ ಕೈ ಮಾತ್ರ ಹಿಂದೆ ಇದ್ದ ಸೂಪರ್‌ವೈಸರಿನದೇ.

ಅವನ ಇಕ್ಕಟ್ಟನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದೋಣಿಗಳು ತಡವಾಗಿ ಬಂದಿವೆ; ರಾತ್ರಿ ಎಂಟು ಗಂಟೆಗೆ ಬಂಗುಡೆಯ ರಾಶಿ ಬಾಗಿಲಿಗೆ ಬಂದಿದೆ; ಮಂಜುಗಡ್ಡೆ ಸಾಲದು. ನಾಳೆ ಬೆಳಿಗ್ಗೆ ಕಂಟೈನರು ಹೊರಡಬೇಕೆಂದು ಮೇಲಿನಿಂದ ತಾಕೀತು. ಮೀನಿನ ಒಳಗಿನ ಶಾಖವು ಸೊನ್ನೆಯಿಂದ ನಾಲ್ಕು ಡಿಗ್ರಿಯೊಳಗೆ ಇರತಕ್ಕದ್ದು. ಮಾಪಕ ತೋರಿಸುವುದು ಹನ್ನೆರಡು. ಈ ಮೀನನ್ನು ಬೇರೆಯಿಟ್ಟು ಪರೀಕ್ಷೆಗೆ ಕಳುಹಿಸಬೇಕೆಂಬುದು ನಿಯಮ. ಹಾಗೆ ಮಾಡಿದರೆ ಯಜಮಾನರಿಗೆ ಸಿಟ್ಟು, ತುಂಡುಗೂಲಿಯ ಹೆಂಗಸರಿಗೆ ಅಂದಿನ ಕೂಲಿ ನಷ್ಟ. ನಾಲ್ಕು ಎಂದು ಬರೆದುಬಿಟ್ಟರೆ ಎಲ್ಲರೂ ಸಂತುಷ್ಟರು. ಬಂಗುಡೆ, ಟ್ಯೂನಾದಂತಹ ಮೀನುಗಳು ಶಾಖದಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಿಷಪದಾರ್ಥ ಹುಟ್ಟುವುದು. ಒಮ್ಮೆ ಹುಟ್ಟಿದ ಮೇಲೆ ಅದು ಹಿಮಗಟ್ಟಿಸಿದರೂ ಹೋಗದು, ಬೇಯಿಸಿದರೂ ಹೋಗದು. ತಿಂದವರಿಗೆ ಮೈ ಕೆಂಪೇರುವುದು, ತಲೆನೋವು, ವಾಂತಿ. ಆ ಒಂದು ಸುಳ್ಳು ಅಂಕಿಯಿಂದ ಒಬ್ಬ ಅಪರಿಚಿತನ ಮನೆಗೆ ಕಾಯಿಲೆ ಹೋಗಬಹುದು. ಇಡೀ ಕಾರ್ಖಾನೆಯ ಮಾನ್ಯತೆಯೂ, ಅದನ್ನು ನಂಬಿದ ನೂರಾರು ಸಂಸಾರಗಳ ಅನ್ನವೂ ಹೋಗಬಹುದು. ನಿಯಮವನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಇಂತಹ ಹೊತ್ತಿನಲ್ಲಿ ‘ನಿಲ್ಲಿಸಿ’ ಎನ್ನುವ ಧೈರ್ಯ ಬಾರದು.

ಈ ಹುದ್ದೆಗೆ ಜನರು ಬರುವ ದಾರಿಗಳು ಎರಡು. ಸುಲಿಯುವುದರಲ್ಲಿಯೂ ವಿಂಗಡಿಸುವುದರಲ್ಲಿಯೂ ಚುರುಕಾದವಳನ್ನು ಮೇಲಕ್ಕೆ ತರುವುದೊಂದು; ಕಾಲೇಜಿನಿಂದ ಹೊರಟ ಇಪ್ಪತ್ತೆರಡು ವರ್ಷದ ಪದವೀಧರನನ್ನು ನೇರವಾಗಿ ನೇಮಿಸುವುದು ಮತ್ತೊಂದು. ಮೊದಲನೆಯವಳಿಗೆ ಕೆಲಸ ಗೊತ್ತು, ಕೆಲಸ ಕಲಿಸುವುದು ಗೊತ್ತಿಲ್ಲ; ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತಿದ್ದವರಿಗೆ ಇಂದು ತಪ್ಪು ತೋರಿಸುವುದು ಅವಳಿಗೆ ಸಂಕೋಚ. ಎರಡನೆಯವನಿಗೆ ಶಾಸ್ತ್ರ ಗೊತ್ತು. ಆದರೆ ಇಪ್ಪತ್ತು ವರ್ಷ ಸುಲಿದ ಕೈಯುಳ್ಳ ಹೆಂಗಸನ್ನು ‘ಅಕ್ಕಾ’ ಎಂದು ಕರೆಯಬೇಕೋ ಗದರಿಸಬೇಕೋ ತಿಳಿಯದೆ, ಸಾಮಾನ್ಯವಾಗಿ ಗದರಿಸುವುದನ್ನೇ ಆರಿಸಿಕೊಳ್ಳುತ್ತಾನೆ. ಕರಾವಳಿಯ ಕಾರ್ಖಾನೆಗಳಲ್ಲಿ ತುಳು, ಕೊಂಕಣಿ, ಕನ್ನಡ, ಮಲಯಾಳಗಳ ಜತೆಗೆ ದೂರದಿಂದ ಬಂದವರ ಹಿಂದಿ, ಒಡಿಯಾ ಭಾಷೆಗಳೂ ಕೇಳಿಬರುವುದರಿಂದ ಕಷ್ಟವು ಇಮ್ಮಡಿಯಾಗುವುದು.

ಇದಕ್ಕೆ ಉಪಾಯವು ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಸರ್ಕಾರವು ಕಾರ್ಖಾನೆಗಳ ಮೇಸ್ತ್ರಿಗಳಿಗಾಗಿ ಒಂದು ತರಬೇತನ್ನು ಏರ್ಪಡಿಸಿತ್ತು. ಕೆಲಸ ಕಲಿಸುವ ರೀತಿ, ಕೆಲಸಗಾರರೊಡನೆ ನಡೆದುಕೊಳ್ಳುವ ರೀತಿ, ಕೆಲಸದ ಕ್ರಮವನ್ನು ಸುಧಾರಿಸುವ ರೀತಿ ಎಂದು ಅದರಲ್ಲಿ ಮೂರು ಪಾಠಗಳು. ಪ್ರತಿಯೊಂದಕ್ಕೂ ಎರಡೆರಡು ಗಂಟೆಗಳ ಐದು ಬೈಠಕ್ಕುಗಳು. ಯುದ್ಧಾನಂತರ ಜಪಾನಿನವರು ಇದನ್ನು ಶ್ರದ್ಧೆಯಿಂದ ಕೈಗೊಂಡರು. ಉಪನ್ಯಾಸ ಕಡಮೆ, ಮಾಡಿ ತೋರಿಸುವುದೇ ಹೆಚ್ಚು. ಕಲಿಯುವವನನ್ನು ಸಿದ್ಧಗೊಳಿಸಿ, ಕೆಲಸವನ್ನು ಹಂತ ಹಂತವಾಗಿ ಕಾರಣಸಹಿತ ತೋರಿಸಿ, ಅವನಿಂದಲೇ ಮಾಡಿಸಿ, ಆಮೇಲೂ ಗಮನಿಸುತ್ತಿರತಕ್ಕದ್ದು.

‘ಕಾರಣಸಹಿತ’ ಎಂಬ ಮಾತು ಸಣ್ಣದಲ್ಲ. ಸಿಗಡಿ ಕಪ್ಪಾಗದಿರಲೆಂದು ಮೆಟಾಬೈಸಲ್ಫೈಟ್ ಪುಡಿಯ ದ್ರಾವಣದಲ್ಲಿ ಅದ್ದುವುದುಂಟು. ಇಷ್ಟೇ ಹಾಕು ಎಂದು ಮಾತ್ರ ಹೇಳಿದರೆ, ಇನ್ನೊಂದು ಹಿಡಿ ಹಾಕಿದರೆ ಇನ್ನೂ ಬೆಳ್ಳಗಾದೀತೆಂದು ಕೆಲಸಗಾರನು ಎಣಿಸುವುದು ಸಹಜ. ಅದು ಮಿತಿಮೀರಿದರೆ ಉಬ್ಬಸದ ರೋಗಿಗಳಿಗೆ ಅಪಾಯ, ಹಸಿಯ ಸಿಗಡಿಯ ತಿನ್ನುವ ಭಾಗದಲ್ಲಿ ಕಿಲೋಗ್ರಾಮಿಗೆ 100 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ಅಂತರರಾಷ್ಟ್ರೀಯ ಮಾನದಂಡವಿದೆ ಎಂದು ತಿಳಿಸಿದರೆ ಅವನು ತಾನಾಗಿಯೇ ಅಳತೆಯ ಪಾತ್ರೆಯನ್ನು ಹುಡುಕುವನು.

ಆದುದರಿಂದ ಮೇಲ್ವಿಚಾರಕರ ತರಬೇತಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದೊಡನೆ ಈ ವಿಷಯಗಳೂ ಸೇರಬೇಕು: ಕೆಲಸವನ್ನು ನಿಲ್ಲಿಸಬೇಕಾದ ಸಂದರ್ಭಗಳಾವುವು, ನಿಲ್ಲಿಸಿದುದನ್ನು ಮೇಲಿನವರಿಗೆ ಹೇಗೆ ತಿಳಿಸುವುದು, ತಪ್ಪು ಮಾಡಿದವರನ್ನು ಎಲ್ಲರೆದುರು ಬಯ್ಯದೆ ತಿದ್ದುವುದು ಹೇಗೆ, ಬೆರಳು ಕುಯ್ದುಕೊಂಡವಳು ಕೂಲಿ ಹೋದೀತೆಂದು ಗಾಯವನ್ನು ಮರೆಮಾಡದಂತೆ ನೋಡಿಕೊಳ್ಳುವುದು ಹೇಗೆ. ಕಡೆಯದಕ್ಕೆ ಪಾಠ ಸಾಲದು. ಗಾಯಗೊಂಡವಳಿಗೆ ಅಂದಿನ ಕೂಲಿ ಕೊಡುವ ನಿಯಮವನ್ನು ಯಜಮಾನರೇ ಮಾಡಬೇಕು. ಹಾಗೆಯೇ, ಹನ್ನೆರಡು ಎಂದು ನಿಜವನ್ನು ಬರೆದ ಸೂಪರ್‌ವೈಸರನ್ನು ಮರುದಿನ ಕಛೇರಿಗೆ ಕರೆದು ದಂಡಿಸುವ ಕಾರ್ಖಾನೆಯಲ್ಲಿ ಎಂತಹ ತರಬೇತೂ ವ್ಯರ್ಥ. ಪಾಠದ ಮೊದಲ ದಿನ ಯಜಮಾನರೂ ಬಂದು ಕೂರುವುದು ಮೇಲು.

ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಹ್ಯಾಸಪ್ ಕ್ರಮದಲ್ಲಿ ತರಬೇತು ಕೊಡುತ್ತಾರೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆಯ ಕಾಲೇಜು ಇದೆ. ಆದರೂ ಮೇಲ್ವಿಚಾರಕನು ಕಲಿತುದನ್ನು ತನ್ನ ಮೇಜಿನ ಮುಂದೆಯೇ ಮಾಡಿ ನೋಡಬೇಕಾದುದರಿಂದ, ಪಾಠದ ಒಂದು ಭಾಗವು ಕಾರ್ಖಾನೆಯೊಳಗೇ ನಡೆಯುವುದು ಲೇಸು. ಇದಕ್ಕೆ ಕಾಲವೂ ಒದಗಿಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಡಲಿನ ಮೀನನ್ನೇ ನಂಬಿದ ಕಾರ್ಖಾನೆಗಳಿಗೆ ಆಗ ಬಿಡುವು. ಸಾಕಣೆಯ ಸಿಗಡಿಯನ್ನು ಕೊಳ್ಳುವವರಿಗೆ ಈ ಸೌಕರ್ಯವಿಲ್ಲ. ಅವರು ಕೊಳಗಳ ಕೊಯ್ಲಿನ ನಡುವಣ ವಾರಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೆ ಎರಡು ಗಂಟೆಗಳಂತೆ ಪಾಳಿಯ ಆರಂಭದಲ್ಲಿಯೇ ಪಾಠವನ್ನು ಇಟ್ಟುಕೊಳ್ಳಬೇಕಾಗುವುದು. ಪಾಳಿ ಮುಗಿದ ಮೇಲೆ ಇಟ್ಟರೆ ದಣಿದವರು ತೂಕಡಿಸುತ್ತಾರೆ.